ಮನೆಯಲ್ಲಿರುವುದೆಲ್ಲ ಮಗಳಿಗೆ

ನನ್ನ ಸೋದರಮಾವ ತೀರಿಕೊಂಡ ಮೂರನೆಯ ವಾರ ಅವರ ಉಯಿಲಿನ ಲಕೋಟೆಯನ್ನು ಒಡೆಯುವ ಕೆಲಸ ನನ್ನ ಪಾಲಿಗೆ ಬಂತು. ಉಯಿಲನ್ನು ಜಾರಿಗೆ ತರುವ ಎಕ್ಸಿಕ್ಯೂಟರ್ ಎಂದು ಅವರು ನನ್ನ ಹೆಸರನ್ನು ಬರೆದಿಟ್ಟಿದ್ದರು. ಎರಡು ಪುಟಗಳು, ಅವರದೇ ದುಂಡಗಿನ ಅಕ್ಷರ, ಪ್ರತಿ ಪುಟದ ಕೆಳಗೆ ಸಹಿ, ಕೊನೆಯಲ್ಲಿ ಇಬ್ಬರು ಸಾಕ್ಷಿಗಳ ಹೆಸರು ಮತ್ತು ವಿಳಾಸ. ಬದುಕಿಡೀ ಲೆಕ್ಕಪತ್ರದಲ್ಲಿ ಶಿಸ್ತಾಗಿದ್ದ ಮನುಷ್ಯ ಅವರು. ಉಯಿಲಿನಲ್ಲಿಯೂ ಆ ಶಿಸ್ತು ಎದ್ದು ಕಾಣುತ್ತಿತ್ತು. ವಾಸದ ಮನೆ ಇಬ್ಬರು ಮಕ್ಕಳಿಗೂ ಅರ್ಧರ್ಧ ಎಂದು ಸ್ಪಷ್ಟವಾಗಿ ಬರೆದಿದ್ದರು. ಅದರ ಮುಂದೆ, ಎರಡನೆಯ ಪುಟದ ನಡುಮಧ್ಯದಲ್ಲಿ, ಈ ಒಂದು ವಾಕ್ಯವಿತ್ತು: “ಮನೆಯಲ್ಲಿರುವುದೆಲ್ಲ ಮಗಳಿಗೆ, ಉಳಿದದ್ದು ಮಗನಿಗೆ ಸೇರತಕ್ಕದ್ದು.”

ಓದಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಮನೆಯಲ್ಲಿರುವುದು ಎಂದರೆ ಮೇಜು ಕುರ್ಚಿ, ಪುಸ್ತಕಗಳು, ಅತ್ತೆಯ ಒಡವೆ ಎಂದೇ ಎಲ್ಲರೂ ಅಂದುಕೊಂಡೆವು. ಆಮೇಲೆ ಬೀರುವಿನ ಒಳಖಾನೆಯನ್ನು ತೆರೆದೆವು. ಅಲ್ಲಿ ಅಂಚು ಸವೆದ ರಟ್ಟಿನ ಫೈಲೊಂದರಲ್ಲಿ ನಿಶ್ಚಿತ ಠೇವಣಿಯ ಏಳು ರಸೀದಿಗಳು ತಾರೀಖಿನ ಕ್ರಮದಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಅವುಗಳ ಒಟ್ಟು ಮೊತ್ತ ಮನೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಆಸ್ತಿಗಿಂತ ಹೆಚ್ಚಾಗಿತ್ತು. ರಸೀದಿ ಮನೆಯಲ್ಲಿದೆ, ಹಣ ಬ್ಯಾಂಕಿನಲ್ಲಿದೆ. ಹಾಗಾದರೆ ಈ ಠೇವಣಿ ‘ಮನೆಯಲ್ಲಿರುವುದೋ’, ‘ಉಳಿದದ್ದೋ’? ಮಗಳು ಫೈಲನ್ನು ನೋಡಿದಳು, ಮಗ ನನ್ನ ಮುಖವನ್ನು ನೋಡಿದ, ನಾನು ಅಭ್ಯಾಸಬಲದಿಂದ ಮಾವ ಕೂರುತ್ತಿದ್ದ ಕುರ್ಚಿಯ ಕಡೆಗೆ ನೋಡಿದೆ.

ಉಯಿಲಿನ ಕಷ್ಟವೆಲ್ಲ ಆ ಖಾಲಿ ಕುರ್ಚಿಯಲ್ಲಿದೆ. ನಾವು ಬರೆಯುವ ಬೇರೆ ಯಾವ ಕಾಗದದಲ್ಲಿ ಸಂಶಯ ಬಂದರೂ ಬರೆದವರನ್ನೇ ಕರೆದು ಕೇಳಬಹುದು. ಕರಾರು ಪತ್ರದಲ್ಲಿ ಗೊಂದಲವಾದರೆ ಎರಡೂ ಕಡೆಯವರು ಕೂತು ಮಾತಾಡಬಹುದು. ಉಯಿಲು ಮಾತ್ರ ಬರೆದವರು ಇಲ್ಲವಾದ ಗಳಿಗೆಯಿಂದಲೇ ಜೀವ ಪಡೆಯುವ ಕಾಗದ. ಅದಕ್ಕೆ ಮೊದಲು ಅದನ್ನು ಹರಿದು ಬಿಸಾಡಬಹುದು, ಬದಲಾಯಿಸಬಹುದು, ಮತ್ತೆ ಮತ್ತೆ ಬರೆಯಬಹುದು. ಅದರಿಂದ ಯಾರಿಗೂ ಯಾವ ಹಕ್ಕೂ ಹುಟ್ಟುವುದಿಲ್ಲ. ಹಕ್ಕು ಹುಟ್ಟುವ ಹೊತ್ತಿಗೆ ಉತ್ತರ ಹೇಳಬೇಕಾದವರು ಇರುವುದಿಲ್ಲ. ಉಯಿಲು, ಟ್ರಸ್ಟ್‌ಗಳ ಬಗ್ಗೆ ಕಾನೂನು ಇಟ್ಟಿರುವ ಹೆಚ್ಚಿನ ನಿಯಮಗಳನ್ನು ಈ ಒಂದು ಸಂಗತಿಯ ಬೆಳಕಿನಲ್ಲಿ ನೋಡಿದರೆ, ಅವು ಸರ್ಕಾರಿ ಕಿರಿಕಿರಿಯಾಗಿ ಕಾಣದೆ, ಇಲ್ಲದವರ ಪರವಾಗಿ ಯಾರೋ ಮೊದಲೇ ಯೋಚಿಸಿಟ್ಟ ಎಚ್ಚರಿಕೆಗಳಾಗಿ ಕಾಣುತ್ತವೆ. ನನಗಂತೂ ಆ ಫೈಲನ್ನು ಕಂಡ ಮೇಲೆ ಹಾಗೆಯೇ ಕಾಣುತ್ತಿವೆ.

ಸಾಕ್ಷಿಗಳ ವಿಷಯವನ್ನೇ ನೋಡಿ. ಇಂಗ್ಲೆಂಡಿನ 1837ರ ಉಯಿಲು ಕಾಯ್ದೆಯಾಗಲಿ, ಭಾರತದ 1925ರ ಉತ್ತರಾಧಿಕಾರ ಕಾಯ್ದೆಯಾಗಲಿ ಕನಿಷ್ಠ ಇಬ್ಬರು ಸಾಕ್ಷಿಗಳನ್ನು ಕೇಳುತ್ತವೆ. ಇಂಗ್ಲೆಂಡಿನಲ್ಲಿ ಇಬ್ಬರೂ ಏಕಕಾಲಕ್ಕೆ ಎದುರಿಗಿರಬೇಕು. ಭಾರತದ ಕಾಯ್ದೆ ಅಷ್ಟು ಬಿಗಿಯಾಗಿಲ್ಲ, ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರೂ ನಡೆಯುತ್ತದೆ. ಹಿಂದೆ ರೋಮ್‌ನಲ್ಲಿ ಏಳು ಸಾಕ್ಷಿಗಳು ತಮ್ಮ ತಮ್ಮ ಮುದ್ರೆಯೊತ್ತುವ ಪದ್ಧತಿಯಿತ್ತು. ಸಾಕ್ಷಿಗಳು ಉಯಿಲಿನಲ್ಲಿ ಏನಿದೆ ಎಂದು ಓದಬೇಕಾಗಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ; ಮುಚ್ಚಿಟ್ಟುಕೊಂಡು ಸಹಿಯ ಜಾಗವನ್ನಷ್ಟೇ ತೋರಿಸಿದರೂ ಸಾಕು. ಬರೆದವರು ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ ಸಹಿ ಮಾಡಿದರು ಎಂದು ಮುಂದೊಂದು ದಿನ ಹೇಳಬಲ್ಲವರು ಇಬ್ಬರು ಇರಬೇಕು, ಅಷ್ಟೆ. ಆದ್ದರಿಂದಲೇ ಉಯಿಲಿನಲ್ಲಿ ಪಾಲು ಪಡೆಯುವವರು ಸಾಕ್ಷಿ ಹಾಕಬಾರದು. ಇಂಗ್ಲೆಂಡಿನ ಕಾಯ್ದೆಯ ಪ್ರಕಾರ ಹಾಗೆ ಹಾಕಿದರೆ ಉಯಿಲು ಉಳಿಯುತ್ತದೆ, ಆ ಸಾಕ್ಷಿಗೂ ಅವರ ಗಂಡ ಅಥವಾ ಹೆಂಡತಿಗೂ ಬರೆದಿದ್ದ ಪಾಲು ಬಿದ್ದುಹೋಗುತ್ತದೆ. ಮನೆಯಲ್ಲಿ ಕೈಗೆ ಸಿಕ್ಕವರಿಂದ ಸಾಕ್ಷಿ ಹಾಕಿಸಿಕೊಂಡು, ತಾವು ಹೆಚ್ಚು ಪ್ರೀತಿಸಿದವರ ಪಾಲನ್ನೇ ತಮ್ಮ ಕೈಯಾರೆ ಕಳೆದವರಿದ್ದಾರೆ. ಸಾಧ್ಯವಾದಷ್ಟು ನಿಮಗಿಂತ ವಯಸ್ಸಿನಲ್ಲಿ ಕಿರಿಯರಾದ, ಒಂದೇ ಕಡೆ ನೆಲೆ ನಿಂತಿರುವ, ಆಸ್ತಿಯಲ್ಲಿ ಯಾವ ಆಸೆಯೂ ಇಲ್ಲದ ಇಬ್ಬರನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಅನುಭವದ ಮಾತು.

ಸಾಕ್ಷಿಯೇ ಬೇಡವೆನ್ನುವ ದೇಶಗಳೂ ಇವೆ. ಫ್ರಾನ್ಸಿನಲ್ಲಿ ಇಡೀ ಉಯಿಲನ್ನು ಸ್ವಂತ ಕೈಬರಹದಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿದರೆ ಅದು ಊರ್ಜಿತ. ಕೈಬರಹವೇ ಅಲ್ಲಿ ಸಾಕ್ಷಿ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1948ರ ಜೂನ್‌ನಲ್ಲಿ ಸೆಸಿಲ್ ಜಾರ್ಜ್ ಹ್ಯಾರಿಸ್ ಎಂಬ ರೈತ ಹೊಲದಲ್ಲಿ ತನ್ನ ಟ್ರ್ಯಾಕ್ಟರಿನ ಅಡಿ ಸಿಕ್ಕಿಕೊಂಡ. ಗಂಟೆಗಟ್ಟಲೆ ಯಾರೂ ಆ ಕಡೆ ಬರಲಿಲ್ಲ. ಆತ ಜೇಬಿನಲ್ಲಿದ್ದ ಚಾಕುವಿನಿಂದ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ತಾನು ಸತ್ತರೆ ಎಲ್ಲವೂ ಹೆಂಡತಿಗೆ ಎಂಬ ಅರ್ಥದ ಒಂದು ಸಾಲನ್ನು ಕೆತ್ತಿ, ಕೆಳಗೆ ಹೆಸರನ್ನೂ ಕೆತ್ತಿದ. ಆಸ್ಪತ್ರೆಗೆ ಸೇರಿಸಿದ ಮೇಲೆ ಆತ ಬದುಕುಳಿಯಲಿಲ್ಲ. ಆ ತಗಡನ್ನು ಕಳಚಿ ತಂದು ಹಾಜರುಪಡಿಸಿದಾಗ ನ್ಯಾಯಾಲಯ ಅದನ್ನು ಉಯಿಲೆಂದು ಒಪ್ಪಿಕೊಂಡಿತು. ಅಂಥ ಸ್ಥಿತಿಯಲ್ಲಿ ಬರೆದ ಸಾಲಿನಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿದೆ. ಮೇಜಿನ ಮುಂದೆ ನೆಮ್ಮದಿಯಾಗಿ ಕೂತು ಬರೆದ ನನ್ನ ಮಾವನ ವಾಕ್ಯಕ್ಕೆ ಆ ಭಾಗ್ಯವಿರಲಿಲ್ಲ.

ಮಾವನ ವಾಕ್ಯ ಏನಾಯಿತು ಎಂದು ಹೇಳಬೇಕು. ನಾವು ಒಬ್ಬ ಹಿರಿಯ ವಕೀಲರನ್ನು ಕಂಡೆವು. ಅವರು ಉಯಿಲನ್ನು ಎರಡು ಬಾರಿ ಓದಿ, ರಸೀದಿ ಎಂಬುದು ಬ್ಯಾಂಕು ಹಣ ಕೊಡಬೇಕಾಗಿದೆ ಎಂಬುದಕ್ಕೆ ಪುರಾವೆಯೇ ಹೊರತು ಅದೇ ಹಣವಲ್ಲ, ಹಾಗಾಗಿ ಠೇವಣಿಗಳನ್ನು ಮನೆಯೊಳಗಿನ ವಸ್ತು ಎನ್ನಲು ಬರುವುದಿಲ್ಲ ಎಂದರು. ಠೇವಣಿಯೆಲ್ಲ ಮಗನಿಗೆ ಹೋಯಿತು. ಮಗಳು ತಕರಾರು ಮಾಡಲಿಲ್ಲ, ಕಾಗದಗಳಿಗೆಲ್ಲ ಸಹಿ ಹಾಕಿದಳು. ಹೊರಡುವಾಗ ಮಾತ್ರ ಬಾಗಿಲ ಬಳಿ ನಿಂತು, “ಭಾವ, ಅಪ್ಪ ಅದನ್ನು ಬರೆಯುವಾಗ ಈ ಫೈಲು ಅದೇ ಬೀರುವಿನಲ್ಲಿ ಇತ್ತಲ್ಲ” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಅಣ್ಣ ತಂಗಿ ಮಾತು ಬಿಟ್ಟಿಲ್ಲ, ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತಾರೆ. ಆದರೆ ಆ ಪ್ರಶ್ನೆ ಇಬ್ಬರ ನಡುವೆ ಹಾಗೆಯೇ ಕೂತಿದೆ. ‘ಬ್ಯಾಂಕಿನಲ್ಲಿರುವ ಎಲ್ಲ ಠೇವಣಿಗಳೂ ಸೇರಿದಂತೆ’ ಎಂಬ ನಾಲ್ಕು ಪದಗಳು ಅದನ್ನು ಹುಟ್ಟದಂತೆ ತಡೆಯಬಹುದಿತ್ತು.

ಆಮೇಲೆ ನಾನು ಉಯಿಲುಗಳ ಭಾಷೆಯ ಬಗ್ಗೆ ಓದಲು, ತಿಳಿದವರನ್ನು ಕೇಳಲು ಶುರುಮಾಡಿದೆ. ಗೊತ್ತಾದದ್ದೇನೆಂದರೆ, ಜಗಳಗಳು ಹುಟ್ಟುವುದು ಹೆಚ್ಚಾಗಿ ಬರೆದದ್ದರಿಂದಲ್ಲ, ಬರೆದ ದಿನಕ್ಕೂ ತೀರಿಕೊಂಡ ದಿನಕ್ಕೂ ನಡುವೆ ಲೋಕ ಬದಲಾಗುವುದರಿಂದ. ಒಬ್ಬರು ‘ಇಂಥ ಸೈಟು ಹಿರಿಯವನಿಗೆ, ಇಂಥ ಸೈಟು ಕಿರಿಯವನಿಗೆ’ ಎಂದು ಬರೆಯುತ್ತಾರೆ. ಹತ್ತು ವರ್ಷದ ನಂತರ ಚಿಕಿತ್ಸೆಯ ಖರ್ಚಿಗೆಂದು ಒಂದನ್ನು ಮಾರುತ್ತಾರೆ. ಉಯಿಲನ್ನು ತಿದ್ದುವುದು ಮರೆತುಹೋಗುತ್ತದೆ. ಹೆಸರಿಸಿ ಕೊಟ್ಟ ಆಸ್ತಿ ಸಾಯುವ ಹೊತ್ತಿಗೆ ಕೈಯಲ್ಲಿ ಇಲ್ಲದಿದ್ದರೆ ಆ ಕೊಡುಗೆ ಸಾಮಾನ್ಯವಾಗಿ ರದ್ದಾಗುತ್ತದೆ, ಅದರ ಬದಲಿಗೆ ಬೇರೇನೂ ತಾನಾಗಿ ಸಿಗುವುದಿಲ್ಲ. ತಂದೆ ಇಬ್ಬರನ್ನೂ ಸಮನಾಗಿ ಕಂಡಿದ್ದರೂ ಕಾಗದ ಒಬ್ಬನಿಗೆ ಏನೂ ಇಲ್ಲ ಎನ್ನುತ್ತದೆ. ಆದ್ದರಿಂದ ಮನಸ್ಸಿನಲ್ಲಿರುವುದು ಸಮಪಾಲಾದರೆ ವಸ್ತುಗಳನ್ನು ಹಂಚುವುದಕ್ಕಿಂತ ಒಟ್ಟು ಆಸ್ತಿಯನ್ನು ಭಾಗಗಳಲ್ಲಿ ಹೇಳುವುದು ಕ್ಷೇಮ. ಯಾವುದನ್ನು ಹೆಸರಿಸಲು ಮರೆತಿದ್ದೇವೆಯೋ, ಮುಂದೆ ಯಾವುದನ್ನು ಸಂಪಾದಿಸುತ್ತೇವೆಯೋ ಅದೆಲ್ಲ ಯಾರಿಗೆ ಎಂದು ಹೇಳುವ ಒಂದು ಸಾಲು ಕೊನೆಯಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಆ ಭಾಗದ ಮಟ್ಟಿಗೆ ಉಯಿಲು ಇಲ್ಲದವರಂತೆಯೇ ಆಗಿ, ಕಾನೂನಿನ ವಾರಸುದಾರರ ಪಟ್ಟಿ ಬಂದು ನಿಲ್ಲುತ್ತದೆ.

ಪಾಲು ಪಡೆಯಬೇಕಾದವರೇ ಮೊದಲು ತೀರಿಕೊಂಡರೆ ಏನು ಎಂಬ ಪ್ರಶ್ನೆಯನ್ನು ಬರೆಯಲು ಕೈ ಬರುವುದಿಲ್ಲ. ನನಗೂ ಬರಲಿಲ್ಲ. ಆದರೂ ಬರೆಯಬೇಕು. ಗಂಡ ಹೆಂಡತಿ ಒಂದೇ ಅಪಘಾತದಲ್ಲಿ ಹೋದರೆ ಯಾರು ಮೊದಲು ಹೋದರು ಎಂಬುದು ಆಸ್ತಿ ಯಾವ ಕಡೆಯವರಿಗೆ ಎಂಬುದನ್ನು ನಿರ್ಧರಿಸಿಬಿಡಬಹುದು. ಇಂಗ್ಲೆಂಡಿನ 1925ರ ಆಸ್ತಿ ಕಾಯ್ದೆ ಅದು ತಿಳಿಯದ ಸಂದರ್ಭದಲ್ಲಿ ವಯಸ್ಸಿನಲ್ಲಿ ಹಿರಿಯರು ಮೊದಲು ತೀರಿಕೊಂಡರೆಂದು ಭಾವಿಸುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಪಾಲು ಪಡೆಯುವವರು ಕನಿಷ್ಠ 120 ಗಂಟೆ ಹೆಚ್ಚು ಬದುಕಿರಬೇಕು ಎಂಬ ನಿಯಮವಿದೆ. ಉಯಿಲಿನಲ್ಲಿಯೇ ‘ನನ್ನ ನಂತರ 30 ದಿನ ಬದುಕಿದ್ದರೆ ಅವರಿಗೆ, ಇಲ್ಲವಾದರೆ ಇಂಥವರಿಗೆ’ ಎಂದು ಒಂದು ಸಾಲು ಸೇರಿಸಿದರೆ ಈ ಊಹೆಗಳ ಮೇಲೆ ಯಾರೂ ಅವಲಂಬಿಸಬೇಕಾಗಿಲ್ಲ.

ಇನ್ನೊಂದು ಕಡೆ ಜನ ಎಡವುತ್ತಾರೆ. ಉಯಿಲು ಎಲ್ಲದರ ಮೇಲೂ ಅಧಿಕಾರ ನಡೆಸಲಾರದು. ‘ಬದುಕುಳಿದವರಿಗೆ’ ಎಂಬ ಷರತ್ತಿನ ಜಂಟಿ ಆಸ್ತಿ ಎಷ್ಟೋ ಕಡೆ ಉಯಿಲಿನ ಮಾತಿಗೆ ಕಾಯದೆ ಇನ್ನೊಬ್ಬರಿಗೆ ಹೋಗುತ್ತದೆ. ಕೆಲವು ದೇಶಗಳಲ್ಲಿ ವಿಮೆ, ನಿವೃತ್ತಿ ನಿಧಿಗಳು ಅವುಗಳ ಫಾರಂನಲ್ಲಿ ಬರೆದ ಹೆಸರಿಗೇ ನೇರವಾಗಿ ಸಲ್ಲುತ್ತವೆ. ಬೇರೆ ಕಡೆ ಆ ಹೆಸರು ಬರಿಯ ಹಣ ತೆಗೆದುಕೊಳ್ಳುವ ಕೈ ಮಾತ್ರ. ಭಾರತದ ಸುಪ್ರೀಂ ಕೋರ್ಟ್ 1983ರಲ್ಲಿ ವಿಮೆಯ ನಾಮಿನಿಯ ಬಗ್ಗೆ ಇದನ್ನೇ ಹೇಳಿತು, 2023ರಲ್ಲಿ ಷೇರುಗಳ ನಾಮಿನಿಯ ಬಗ್ಗೆಯೂ ಇದೇ ಅರ್ಥದ ತೀರ್ಪು ಕೊಟ್ಟಿತು; ನಡುವೆ 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿಯಾಗಿ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ವಿಮೆಯ ಹಣ ಅವರಿಗೇ ಸಲ್ಲುತ್ತದೆ ಎಂದಾಯಿತು. ಇಪ್ಪತ್ತು ವರ್ಷದ ಹಿಂದೆ ಅವಸರದಲ್ಲಿ ತುಂಬಿದ ಫಾರಂ ಒಂದು ಮಾತು ಹೇಳುತ್ತಿದ್ದು, ನಿನ್ನೆ ಯೋಚಿಸಿ ಬರೆದ ಉಯಿಲು ಇನ್ನೊಂದು ಹೇಳಿದರೆ ನೋಯುವವರು ಮನೆಯವರೇ. ಎರಡನ್ನೂ ಒಂದೇ ದಿನ ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ಅರ್ಧ ಗಂಟೆ ಸಾಕು.

ತನ್ನ ದುಡಿಮೆಯ ಆಸ್ತಿಯನ್ನು ತನಗೆ ಬೇಕಾದವರಿಗೆ ಕೊಡುವ ಪೂರ್ಣ ಸ್ವಾತಂತ್ರ್ಯವೂ ಎಲ್ಲ ಕಡೆ ಇಲ್ಲ. ಫ್ರಾನ್ಸಿನಲ್ಲಿ ಒಂದು ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು ಭಾಗ, ಮೂವರು ಅಥವಾ ಹೆಚ್ಚಿದ್ದರೆ ಮುಕ್ಕಾಲು ಭಾಗ ಮಕ್ಕಳಿಗೆ ಮೀಸಲು. ಇಸ್ಲಾಮಿಕ್ ನ್ಯಾಯಪದ್ಧತಿಯಲ್ಲಿ ಉಯಿಲಿನ ಮೂಲಕ ಕೊಡಬಹುದಾದದ್ದು ಸಾಮಾನ್ಯವಾಗಿ ಮೂರನೆಯ ಒಂದು ಭಾಗ. ಇಂಗ್ಲೆಂಡ್ ಸ್ವಾತಂತ್ರ್ಯವನ್ನು ಉಳಿಸಿಕೊಂಡು, ಅವಲಂಬಿತರಿಗೆ ಸಾಲದಷ್ಟು ಬಿಟ್ಟುಹೋಗಿದ್ದರೆ ಅವರು ನ್ಯಾಯಾಲಯಕ್ಕೆ ಹೋಗಬಹುದೆಂದು 1975ರ ಕಾಯ್ದೆಯಲ್ಲಿ ಹೇಳಿದೆ. ಆಸ್ತಿ ಎರಡು ದೇಶಗಳಲ್ಲಿ ಹರಡಿಕೊಂಡಿದ್ದರೆ ಯಾವ ದೇಶದ ನಿಯಮ ಯಾವುದಕ್ಕೆ ಎಂಬುದನ್ನು ಬಲ್ಲವರಲ್ಲಿ ಕೇಳದೆ ಬರೆಯಲೇಬಾರದು.

ಇದಕ್ಕೆ ಆಲ್ಫ್ರೆಡ್ ನೊಬೆಲ್‌ರ ಉಯಿಲಿಗಿಂತ ದೊಡ್ಡ ನಿದರ್ಶನ ನನಗೆ ತಿಳಿದಿಲ್ಲ. 1895ರ ನವೆಂಬರ್ 27ರಂದು ಪ್ಯಾರಿಸ್‌ನಲ್ಲಿ ಅವರು ಅದಕ್ಕೆ ಸಹಿ ಹಾಕಿದರು. ವಕೀಲರ ನೆರವಿಲ್ಲದೆ ತಾವೇ ಬರೆದದ್ದು, ನಾಲ್ವರು ಸಾಕ್ಷಿಗಳಿದ್ದರು. ಆಸ್ತಿಯ ಬಹುಭಾಗವನ್ನು ನಿಧಿಯಾಗಿಟ್ಟು, ಅದರ ಬಡ್ಡಿಯಿಂದ ಪ್ರತಿವರ್ಷ ಬಹುಮಾನ ಕೊಡಬೇಕೆಂದು ಬರೆದರು. ಆದರೆ ಆ ನಿಧಿಯನ್ನು ಹೊಂದಬೇಕಾದ ಸಂಸ್ಥೆಯೇ ಹುಟ್ಟಿರಲಿಲ್ಲ. ಬಹುಮಾನಿತರನ್ನು ಆರಿಸಬೇಕೆಂದು ಹೆಸರಿಸಿದ್ದ ಸಂಸ್ಥೆಗಳನ್ನು ಅವರು ಮೊದಲೇ ಕೇಳಿರಲಿಲ್ಲ. ಮರುವರ್ಷ ಡಿಸೆಂಬರ್ 10ರಂದು ಅವರು ಇಟಲಿಯ ಸ್ಯಾನ್ ರೆಮೊದಲ್ಲಿ ತೀರಿಕೊಂಡಾಗ, ಹಲವು ದೇಶಗಳಲ್ಲಿ ಆಸ್ತಿಯಿದ್ದ ಈ ಮನುಷ್ಯನ ಕಾನೂನುರೀತ್ಯಾ ಮನೆ ಯಾವ ದೇಶದಲ್ಲಿ ಎಂಬುದೇ ಮೊದಲ ಪ್ರಶ್ನೆಯಾಯಿತು. ಬಂಧುಗಳಲ್ಲಿ ಕೆಲವರು ತಕರಾರು ತೆಗೆದರು. ಅವರೊಂದಿಗೆ ಒಪ್ಪಂದವಾದದ್ದು 1898ರಲ್ಲಿ, ಪ್ರತಿಷ್ಠಾನ ರೂಪುಗೊಂಡದ್ದು 1900ರಲ್ಲಿ, ಮೊದಲ ಬಹುಮಾನ ಸಂದದ್ದು 1901ರಲ್ಲಿ. ಈ ಎಲ್ಲದರ ಭಾರ ಹೊತ್ತವರು ಉಯಿಲಿನಲ್ಲಿ ಹೆಸರಿಸಲ್ಪಟ್ಟ ಇಬ್ಬರು ಎಕ್ಸಿಕ್ಯೂಟರ್‌ಗಳು. ಅವರಲ್ಲಿ ಮುಖ್ಯರಾದ ರಾಗ್ನಾರ್ ಸೋಲ್ಮನ್‌ಗೆ ನೊಬೆಲ್ ತೀರಿಕೊಂಡಾಗ 26 ವರ್ಷ. ಕಾಗದ ಅರೆಕೊರೆಯಾಗಿತ್ತು, ಆರಿಸಿಕೊಂಡ ಮನುಷ್ಯ ಗಟ್ಟಿಯಾಗಿದ್ದ. ಲೋಕ ಇಂದು ಆ ಬಹುಮಾನವನ್ನು ಬಲ್ಲದ್ದು ಅಂಥ ಮನುಷ್ಯ ಸಿಕ್ಕಿದ್ದರಿಂದ.

ಹಾಗಾಗಿ ಎಕ್ಸಿಕ್ಯೂಟರ್ ಯಾರು ಎಂಬುದನ್ನು ಗೌರವದ ವಿಷಯವಾಗಿ ನೋಡಬಾರದು. ಹಿರಿಯ ಮಗ, ಆದ್ದರಿಂದ ಅವನೇ ಎಂದು ಬರೆಯುವವರು ಹೆಚ್ಚು. ಈ ಕೆಲಸದಲ್ಲಿ ಇರುವುದು ಸಾಲಗಳನ್ನು ಹುಡುಕಿ ತೀರಿಸುವುದು, ತೆರಿಗೆ ಕಟ್ಟುವುದು, ಖಾತೆಗಳನ್ನು ಮುಚ್ಚುವುದು, ದಾಖಲೆಗಳ ಹಿಂದೆ ತಿಂಗಳುಗಟ್ಟಲೆ ಓಡಾಡುವುದು, ಪೈಸೆ ಪೈಸೆಗೆ ಲೆಕ್ಕ ಇಡುವುದು. ಸಾಲ ತೀರಿದ ಮೇಲೆಯೇ ಹಂಚಿಕೆ. ಅವಸರದಲ್ಲಿ ಮೊದಲು ಹಂಚಿಬಿಟ್ಟರೆ ಆಮೇಲೆ ಬಂದ ಸಾಲಗಾರನಿಗೆ ಎಕ್ಸಿಕ್ಯೂಟರೇ ಉತ್ತರ ಹೇಳಬೇಕಾದೀತು. ನಾನು ಮಾವನ ವಿಷಯದಲ್ಲಿ ಪಟ್ಟ ಕಷ್ಟದ ಅರ್ಧ, ಎಲ್ಲಿ ಏನಿದೆ ಎಂಬ ಒಂದು ಪಟ್ಟಿಯನ್ನು ಅವರು ಬರೆದಿಟ್ಟಿದ್ದರೆ ತಪ್ಪುತ್ತಿತ್ತು. ಯಾವ ಬ್ಯಾಂಕು, ಯಾವ ವಿಮೆ, ಯಾರಿಗೆ ಕೈಸಾಲ ಕೊಟ್ಟದ್ದು, ಮೊಬೈಲಿನಲ್ಲಿ ಮಾತ್ರ ಇರುವ ಖಾತೆಗಳು ಯಾವುವು ಎಂಬ ಪಟ್ಟಿ. ಗುಪ್ತ ಪದಗಳನ್ನು ಉಯಿಲಿನಲ್ಲಿ ಬರೆಯಬಾರದು, ಏಕೆಂದರೆ ಪ್ರೊಬೇಟ್, ಅಂದರೆ ಉಯಿಲಿಗೆ ನ್ಯಾಯಾಲಯದ ದೃಢೀಕರಣ, ಆದ ಮೇಲೆ ಅನೇಕ ಕಡೆ ಉಯಿಲು ಸಾರ್ವಜನಿಕ ದಾಖಲೆಯಾಗುತ್ತದೆ. ಅವು ಎಲ್ಲಿ ಸಿಗುತ್ತವೆ ಎಂಬುದನ್ನಷ್ಟೇ ನಂಬಿಕೆಯವರಿಗೆ ತಿಳಿಸಿದರೆ ಸಾಕು.

ಉಯಿಲು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಗಾಯಕಿ ಅರೀತಾ ಫ್ರಾಂಕ್ಲಿನ್ 2018ರಲ್ಲಿ ತೀರಿಕೊಂಡಾಗ ಅವರು ಉಯಿಲು ಬರೆದಿಲ್ಲವೆಂದೇ ಎಲ್ಲರೂ ನಂಬಿದ್ದರು. ಮರುವರ್ಷ ಮನೆಯಲ್ಲಿ ಕೈಬರಹದ ಕಾಗದಗಳು ಸಿಕ್ಕವು. 2010ರದ್ದು ಬೀಗ ಹಾಕಿದ್ದ ಕಪಾಟಿನಲ್ಲಿ, 2014ರದ್ದು ಸೋಫಾದ ದಿಂಬಿನ ಕೆಳಗಿದ್ದ ನೋಟ್‌ಪುಸ್ತಕದಲ್ಲಿ. ಮಕ್ಕಳಲ್ಲಿ ಒಬ್ಬರು ಒಂದರ ಪರ, ಬೇರೆಯವರು ಇನ್ನೊಂದರ ಪರ. 2023ರಲ್ಲಿ ಜ್ಯೂರಿ 2014ರ ಕಾಗದವೇ ಊರ್ಜಿತ ಎಂದಿತು. ‘ಇದಕ್ಕೆ ಮೊದಲು ಬರೆದ ಎಲ್ಲ ಉಯಿಲುಗಳನ್ನು ರದ್ದು ಮಾಡಿದ್ದೇನೆ’ ಎಂಬ ಸಾಲು ಮತ್ತು ಸ್ಪಷ್ಟವಾದ ತಾರೀಖು, ಇವೆರಡೂ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮದುವೆ, ವಿಚ್ಛೇದನ, ಮಗುವಿನ ಜನನ ಆದಾಗಲೆಲ್ಲ ಉಯಿಲನ್ನು ಮತ್ತೆ ತೆರೆದು ನೋಡಬೇಕು; ಇಂಗ್ಲೆಂಡಿನಲ್ಲಿ ಮದುವೆಯಾದರೆ ಅದಕ್ಕೆ ಮೊದಲಿನ ಉಯಿಲು ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಒಂದೇ ಸಲ ಮಾತಾಡಿ ಮುಗಿಸುವ ಕಾಗದದ ಬಗ್ಗೆ. ಒಂದೇ ಸಲದ ಮಾತು ಸಾಲದ ಮನೆಗಳೂ ಇವೆ. ನಮ್ಮದು ಅಂಥ ಮನೆ. ನನ್ನ ಕಿರಿಯ ಮಗಳಿಗೆ ಈಗ 26 ವರ್ಷ. ಹುಟ್ಟಿನಿಂದಲೇ ಅವಳ ಬುದ್ಧಿಬೆಳವಣಿಗೆ ನಿಧಾನ. ಅವಳು ಹಾಡುತ್ತಾಳೆ, ಬಟ್ಟೆ ಮಡಚುತ್ತಾಳೆ, ಬಂದವರ ಹೆಸರನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾಳೆ. ಹಣದ ಎಣಿಕೆ ಮಾತ್ರ ಅವಳಿಗೆ ಹತ್ತುವುದಿಲ್ಲ, ಕೇಳಿದವರಿಗೆ ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುತ್ತಾಳೆ. ಅವಳ ಹೆಸರಿಗೆ ಆಸ್ತಿ ಬರೆದರೆ ಅದು ಅವಳಿಗೆ ಉಳಿಯುವುದಿಲ್ಲ. ಅವಳ ಅಣ್ಣನ ಹೆಸರಿಗೆ ಬರೆದು ‘ತಂಗಿಯನ್ನು ನೋಡಿಕೊ’ ಎಂದರೆ, ಅದು ಕಾನೂನಿನ ಕಣ್ಣಿನಲ್ಲಿ ಬಹುಮಟ್ಟಿಗೆ ಬರಿಯ ಕೋರಿಕೆ. ಅವನಿಗೆ ನಾಳೆ ಸಾಲವಾದರೆ, ಅವನೇ ಇಲ್ಲವಾದರೆ, ಆ ಆಸ್ತಿ ಅವನ ಆಸ್ತಿಯಾಗಿಯೇ ಹೋಗುತ್ತದೆ.

ಟ್ರಸ್ಟ್ ಎಂಬುದು ಈ ತೊಡಕಿಗೆ ಹಿಂದಿನವರು ಕಂಡುಕೊಂಡ ದಾರಿ. ಆಸ್ತಿಯನ್ನು ಹಿಡಿದುಕೊಳ್ಳುವ ಕೈ ಒಬ್ಬರದು, ಅದರ ಪ್ರಯೋಜನ ಇನ್ನೊಬ್ಬರದು ಎಂದು ಒಡೆತನವನ್ನೇ ಎರಡಾಗಿ ಸೀಳುವ ಉಪಾಯ ಅದು. ರೋಮ್‌ನಲ್ಲಿ ಕಾನೂನುರೀತ್ಯಾ ನೇರವಾಗಿ ಪಡೆಯಲಾಗದವರಿಗೆ ತಲುಪಿಸು ಎಂದು ವಾರಸುದಾರನನ್ನು ನಂಬಿ ಕೇಳಿಕೊಳ್ಳುವ ರೂಢಿಯಿತ್ತು. ಬಹುಕಾಲ ಅದು ಅವನ ಆತ್ಮಸಾಕ್ಷಿಗೆ ಬಿಟ್ಟ ಮಾತಾಗಿದ್ದು, ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ ಅದನ್ನು ಅಧಿಕಾರಿಗಳು ಜಾರಿಗೊಳಿಸಲು ತೊಡಗಿದರು. ಇಂಗ್ಲೆಂಡಿಗೆ 1224ರಲ್ಲಿ ಬಂದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಆಸ್ತಿ ಹೊಂದುವಂತಿರಲಿಲ್ಲ. ಅವರಿಗಾಗಿ ಬೇರೆಯವರು ಮನೆ, ಜಮೀನು ಹಿಡಿದುಕೊಂಡರು. ಹಿಡಿದುಕೊಂಡವರು ಮಾತು ತಪ್ಪಿದಾಗ ಸಾಮಾನ್ಯ ನ್ಯಾಯಾಲಯಗಳು ಕೈಚೆಲ್ಲಿದವು. ಮುಂದೆ ರಾಜನ ಪರವಾಗಿ ದೂರು ಕೇಳುತ್ತಿದ್ದ ಅಧಿಕಾರಿ, ಚಾನ್ಸಲರ್, ‘ನಿನ್ನ ಮನಸ್ಸಾಕ್ಷಿ ಇದನ್ನು ಒಪ್ಪದು’ ಎಂಬ ನೆಲೆಯಲ್ಲಿ ಅಂಥವರನ್ನು ಕಟ್ಟಿಹಾಕಲು ಶುರುಮಾಡಿದ. ಇಂದಿನ ಟ್ರಸ್ಟ್ ಕಾನೂನು ಅಲ್ಲಿಂದ ಬೆಳೆದದ್ದು; ಭಾರತದಲ್ಲಿ ಖಾಸಗಿ ಟ್ರಸ್ಟ್‌ಗಳಿಗೆಂದು ಕಾಯ್ದೆ ಬಂದದ್ದು 1882ರಲ್ಲಿ.

ಹೀಗೆ ಇನ್ನೊಬ್ಬರಿಗಾಗಿ ಆಸ್ತಿ ಹಿಡಿದುಕೊಳ್ಳುವ ಟ್ರಸ್ಟಿಯ ಮೇಲೆ ಕಾನೂನು ಎಷ್ಟು ಕಟ್ಟುನಿಟ್ಟು ಎಂಬುದನ್ನು 1726ರ ಒಂದು ಇಂಗ್ಲಿಷ್ ತೀರ್ಪು ತೋರಿಸುತ್ತದೆ. ಒಂದು ಮಗುವಿನ ಪರವಾಗಿ ಟ್ರಸ್ಟಿಯೊಬ್ಬ ಸಂತೆಯ ಗುತ್ತಿಗೆಯನ್ನು ಹಿಡಿದುಕೊಂಡಿದ್ದ. ಅವಧಿ ಮುಗಿಯುವ ಮುಂಚೆ ಕೇಳಿದಾಗ ಮಾಲೀಕ, ಮಗುವಿನ ಹೆಸರಿಗೆ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದ. ಟ್ರಸ್ಟಿ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಮೋಸವೇನೂ ಕಾಣಲಿಲ್ಲ, ಮಗುವಿಗೆ ಹೇಗೂ ಸಿಗುತ್ತಿರಲಿಲ್ಲ. ಆದರೂ ನ್ಯಾಯಾಲಯ, ಲೋಕದಲ್ಲಿ ಯಾರು ಬೇಕಾದರೂ ಆ ಗುತ್ತಿಗೆಯನ್ನು ಪಡೆಯಬಹುದಿತ್ತು, ಟ್ರಸ್ಟಿಯೊಬ್ಬನನ್ನು ಬಿಟ್ಟು ಎಂಬ ನಿಲುವು ತಳೆದು, ಅದರ ಲಾಭವನ್ನೆಲ್ಲ ಮಗುವಿಗೆ ಕೊಡಿಸಿತು. ಮೂರು ಶತಮಾನದ ಹಿಂದಿನ ಆ ನಿಷ್ಠುರತೆ ನನ್ನಂಥ ತಂದೆಗೆ ಎಷ್ಟು ಧೈರ್ಯ ಕೊಡುತ್ತದೆ ಎಂದು ಹೇಳಲಾರೆ.

ಟ್ರಸ್ಟನ್ನು ಬದುಕಿರುವಾಗಲೇ ಮಾಡಬಹುದು, ಉಯಿಲಿನ ಮೂಲಕ ತೀರಿಕೊಂಡ ಮೇಲೆ ಹುಟ್ಟುವಂತೆಯೂ ಮಾಡಬಹುದು. ಬದುಕಿರುವಾಗ ಮಾಡಿದರೆ ನಾವೇ ಕಾಯಿಲೆ ಬಿದ್ದು ಬುದ್ಧಿ ಮಂಕಾದರೂ ಕೆಲಸ ನಿಲ್ಲುವುದಿಲ್ಲ. ಆದರೆ ಪತ್ರ ಬರೆಸಿದ ಮಾತ್ರಕ್ಕೆ ಆಗಲಿಲ್ಲ. ಆಸ್ತಿಯನ್ನು ಕ್ರಮವಾಗಿ ಟ್ರಸ್ಟಿಗೆ ವರ್ಗಾಯಿಸಬೇಕು. ಬೀರುವಿನಲ್ಲಿ ಅಂದವಾದ ಟ್ರಸ್ಟ್ ಪತ್ರವಿದ್ದು, ಒಂದು ಕಾಸನ್ನೂ ಅದಕ್ಕೆ ಸೇರಿಸದೆ ಹೋದ ಪರಿಚಿತರೊಬ್ಬರು ನನಗೆ ಗೊತ್ತು. ಇನ್ನು ಎಲ್ಲರಿಗೂ ಟ್ರಸ್ಟ್ ಬೇಕೆಂದು ನಾನು ಒಪ್ಪುವುದಿಲ್ಲ. ಮಕ್ಕಳು ದೊಡ್ಡವರಾಗಿ, ತಮ್ಮ ಹಣವನ್ನು ತಾವೇ ನೋಡಿಕೊಳ್ಳಬಲ್ಲವರಾಗಿದ್ದರೆ ನೆಟ್ಟಗಿನ ಉಯಿಲೇ ಸಾಕು. ಟ್ರಸ್ಟ್‌ಗೆ ಪ್ರತ್ಯೇಕ ಖಾತೆ, ವರ್ಷವರ್ಷದ ಲೆಕ್ಕ, ತೆರಿಗೆ, ಖರ್ಚು ಎಲ್ಲ ಇರುತ್ತದೆ. ಎಳೆಯ ಮಕ್ಕಳಿದ್ದರೆ ಮಾತು ಬೇರೆ. ಸರಳ ಉಯಿಲಿನಲ್ಲಿ ಬರೆದ ಪಾಲು ಹದಿನೆಂಟು ತುಂಬಿದ ದಿನವೇ ಇಡಿಯಾಗಿ ಕೈಗೆ ಬರುತ್ತದೆ. ಟ್ರಸ್ಟಿನಲ್ಲಿ ಓದಿಗೆ, ಚಿಕಿತ್ಸೆಗೆ ಬೇಕಾದಾಗ ಬೇಕಾದಷ್ಟು, ಉಳಿದದ್ದು ಇಂಥ ವಯಸ್ಸಿನಲ್ಲಿ ಎಂದು ಹೇಳಬಹುದು.

ಮಗಳಿಗಾಗಿ ನಾವು ಆರಿಸಿಕೊಂಡದ್ದು ಎಷ್ಟು, ಯಾವಾಗ ಎಂಬ ವಿವೇಚನೆಯನ್ನು ಟ್ರಸ್ಟಿಗಳಿಗೆ ಬಿಡುವ ಬಗೆಯ ಟ್ರಸ್ಟ್. ಆರಂಭದಲ್ಲಿ ಅವಳ ಅಣ್ಣನೊಬ್ಬನನ್ನೇ ಟ್ರಸ್ಟಿ ಮಾಡಬೇಕೆಂದಿದ್ದೆ; ಅವಳ ಕಾಲಾನಂತರ ಉಳಿದದ್ದು ಅವನಿಗೆ ಎಂದೂ ಕರಡಿನಲ್ಲಿ ಬರೆಸಿದ್ದೆ. ಓದಲು ಕೊಟ್ಟಾಗ ಅವನು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪ, ಅವಳಿಗೆ ಖರ್ಚು ಮಾಡಿದ ಒಂದೊಂದು ಕಾಸೂ ನನಗೆ ಕಡಿಮೆಯಾಗುತ್ತದೆ. ನನ್ನನ್ನು ಆ ಜಾಗದಲ್ಲಿ ಒಬ್ಬನೇ ನಿಲ್ಲಿಸಬೇಡಿ” ಎಂದ. ಅವನ ಪ್ರಾಮಾಣಿಕತೆಯ ಮೇಲೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅವನು ನೋಡಿದ್ದು ತನ್ನ ಪ್ರಾಮಾಣಿಕತೆಯನ್ನಲ್ಲ, ಇಪ್ಪತ್ತು ವರ್ಷದ ನಂತರ ಕಷ್ಟದಲ್ಲಿ ಸಿಕ್ಕಿಬಿದ್ದ ತನ್ನನ್ನು. ಈಗ ಟ್ರಸ್ಟಿಗಳು ಮೂವರು: ಅವನು, ನನ್ನ ಹೆಂಡತಿಯ ತಂಗಿ, ಆಸ್ತಿಯಲ್ಲಿ ಯಾವ ಪಾಲೂ ಇಲ್ಲದ ಒಬ್ಬ ಲೆಕ್ಕಪರಿಶೋಧಕ ಗೆಳೆಯ. ಯಾರಾದರೂ ಬಿಟ್ಟರೆ ಅಥವಾ ತೀರಿಕೊಂಡರೆ ಮುಂದಿನವರನ್ನು ನೇಮಿಸುವುದು ಹೇಗೆ ಎಂದೂ ಬರೆದಿದೆ.

ಟ್ರಸ್ಟ್ ಪತ್ರದ ಜೊತೆಗೆ ಇನ್ನೊಂದು ಕಾಗದವನ್ನು ಇಡುವ ರೂಢಿ ಹಲವು ದೇಶಗಳಲ್ಲಿದೆ. ಅದನ್ನು ಆಶಯ ಪತ್ರ ಎನ್ನಬಹುದು. ಕಾನೂನಿನ ಬಲ ಅದಕ್ಕಿಲ್ಲ; ಟ್ರಸ್ಟಿಗಳು ತೀರ್ಮಾನ ಮಾಡುವಾಗ ಪಕ್ಕದಲ್ಲಿಟ್ಟುಕೊಂಡು ನೋಡಲಿ ಎಂದು ಬರೆಯುವುದು. ಪಾಲು ಹೆಚ್ಚುಕಡಿಮೆ ಮಾಡಿದವರು ಅದಕ್ಕೆ ಕಾರಣವನ್ನೂ ಇಂಥ ಪತ್ರದಲ್ಲಿಯೇ ಹೇಳುವುದು ಒಳ್ಳೆಯದು. ನನ್ನದು ನಾಲ್ಕು ಪುಟವಾಗಿದೆ. ಅವಳು ‘ಬೇಡ’ ಎನ್ನುವುದಿಲ್ಲ, ಸುಮ್ಮನಾಗುತ್ತಾಳೆ, ಆ ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡಿ ಎಂದು ಬರೆದಿದ್ದೇನೆ. ಮನೆ ಬದಲಾಯಿಸಬೇಕಾಗಿ ಬಂದರೆ ಒಂದು ತಿಂಗಳು ಮೊದಲಿನಿಂದ ಹೊಸ ಜಾಗಕ್ಕೆ ಕರೆದುಕೊಂಡು ಹೋಗಿ ಬರುತ್ತಿರಿ ಎಂದು ಬರೆದಿದ್ದೇನೆ. ಕತ್ತಲೆ ಎಂದರೆ ಹೆದರುತ್ತಾಳೆ, ಆದ್ದರಿಂದ ರಾತ್ರಿ ಹಜಾರದ ದೀಪವನ್ನು ಆರಿಸಬೇಡಿ ಎಂದೂ ಬರೆದಿದ್ದೆ.

ಕಳೆದ ತಿಂಗಳು ಅದನ್ನು ತಿದ್ದುತ್ತಾ ಕೂತಿದ್ದಾಗ ಅವಳು ಪಕ್ಕಕ್ಕೆ ಬಂದು ಏನದು ಎಂದು ಕೇಳಿದಳು. ನಿನ್ನ ಬಗ್ಗೆ ಎಂದೆ. ಓದು ಎಂದಳು. ನಿಧಾನವಾಗಿ ಓದಿದೆ, ತನ್ನ ಹೆಸರು ಬಂದಾಗಲೆಲ್ಲ ನಗುತ್ತಿದ್ದಳು. ದೀಪದ ಸಾಲಿಗೆ ಬಂದಾಗ ತಲೆಯಾಡಿಸಿ, “ಹೆದರಿಕೆ ಅಲ್ಲ. ರಾತ್ರಿ ಅಮ್ಮ ಎದ್ದರೆ ಕಾಣಬೇಕು” ಎಂದಳು. ಇಷ್ಟು ವರ್ಷ ಆ ದೀಪದ ಕೆಳಗೆ ಓಡಾಡಿದ ನಾವು ಯಾರೂ ಅವಳನ್ನು ಕೇಳಿರಲಿಲ್ಲ. ಆ ಸಾಲನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆದು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾ‌ಡಿದೆ.